ತೋಟದ ಸೊಬಗೂ ತೋಟದ ಋಣವೂ



ಮನಸ್ಸು ಬಳಲಿದಾಗ ನಾವು ಮರಗಳ ಬಳಿಗೆ ಹೋಗುತ್ತೇವೆ. ಬೆಂಗಳೂರಿನವರು ಲಾಲ್‌ಬಾಗಿಗೆ ಹೋಗುತ್ತಾರೆ, ಹಳ್ಳಿಯವರು ಊರ ಮುಂದಿನ ಗುಂಡುತೋಪಿನ ನೆರಳಿನಲ್ಲಿ ಕೂರುತ್ತಾರೆ, ಅನುಕೂಲವುಳ್ಳವರು ದೂರದೇಶದ ಹೆಸರುವಾಸಿಯಾದ ಉದ್ಯಾನಗಳನ್ನು ಸುತ್ತಿ ಬರುತ್ತಾರೆ. ಬಂದವರು ಸ್ಫೂರ್ತಿ ಸಿಕ್ಕಿತು ಎನ್ನುತ್ತಾರೆ. ಆ ಮಾತನ್ನು ಹಗುರವಾಗಿ ಕಾಣಬೇಕಾಗಿಲ್ಲ. ದೇವರು ಮೊದಲ ಮನುಷ್ಯನನ್ನು ಇರಿಸಿದ್ದು ಅರಮನೆಯಲ್ಲಲ್ಲ, ತೋಟದಲ್ಲಿ. ಕೊಟ್ಟ ಮೊದಲ ಕೆಲಸ ಆ ತೋಟವನ್ನು ವ್ಯವಸಾಯ ಮಾಡಿ ಕಾಯುವುದು. ಆದುದರಿಂದ ಮರಗಳ ನಡುವೆ ನಡೆಯುವಾಗ ನಮ್ಮೊಳಗೆ ಏನೋ ನೆನಪಾಗಿ ಮೇಲೇಳುವುದು ಸಹಜವೇ. ಆದರೆ ಏದೆನನ್ನು ನೆಟ್ಟವನು ದೇವರು. ನಾವು ಇಂದು ಟಿಕೀಟು ಕೊಂಡು ಒಳಗೆ ಹೋಗುವ ತೋಟಗಳನ್ನು ನೆಡಿಸಿದವರು ಮನುಷ್ಯರು, ಅದರಲ್ಲಿಯೂ ಹೆಚ್ಚಾಗಿ ಬಹಳ ಧನಿಕರಾದ ಮನುಷ್ಯರು. ಒಬ್ಬ ಧಣಿಯು ತನ್ನ ಸಂತೋಷಕ್ಕಾಗಿ, ಬೇರೆಯವರ ದುಡಿಮೆಯಿಂದ, ಕೆಲವೊಮ್ಮೆ ಬೇರೆಯವರ ಮನೆಗಳನ್ನೇ ಕೆಡವಿಸಿ ಮಾಡಿಸಿದ ತೋಟದ ಚೆಲುವಿನಿಂದ ನಮ್ಮ ಆತ್ಮಕ್ಕೆ ಪೋಷಣೆ ಪಡೆಯುವುದು ಸರಿಯೇ? ಈ ಪ್ರಶ್ನೆಯನ್ನು ನಿಮ್ಮೊಂದಿಗೆ ಸ್ವಲ್ಪ ಹೊತ್ತು ಆಲೋಚಿಸಬೇಕೆಂದಿದ್ದೇನೆ. ಒಂದು ತೋಟವನ್ನೇ ಕಣ್ಣ ಮುಂದಿಟ್ಟುಕೊಂಡು ಆಲೋಚಿಸುವುದು ಒಳ್ಳೆಯದು. ಹೆಸರಿಲ್ಲದ ತೋಟದ ವಿಷಯದಲ್ಲಿ ಯಾರು ಬೇಕಾದರೂ ನೀತಿ ಹೇಳಬಹುದು.

ಇಂಗ್ಲೆಂಡಿನ ಡರ್ಬಿಶೈರ್ ಜಿಲ್ಲೆಯಲ್ಲಿ ಡರ್ವೆಂಟ್ ಎಂಬ ಚಿಕ್ಕ ನದಿಯ ದಡದಲ್ಲಿ ಚಾಟ್ಸ್‌ವರ್ತ್ ಎಂಬ ಸಂಸ್ಥಾನವಿದೆ. ಡೆವನ್‌ಶೈರಿನ ಡ್ಯೂಕ್ ಎಂಬ ಬಿರುದುಳ್ಳ ಕ್ಯಾವೆಂಡಿಷ್ ಮನೆತನದ ಮನೆ ಅದು. ಶೆಫೀಲ್ಡ್, ಮ್ಯಾಂಚೆಸ್ಟರ್ ಕಡೆಗಳಲ್ಲಿ ಉದ್ಯೋಗದಲ್ಲಿರುವ ನಮ್ಮ ಮಕ್ಕಳು, ಊರಿನಿಂದ ಬಂದ ತಂದೆತಾಯಿಗಳನ್ನು ಒಂದು ಭಾನುವಾರ ಆರಾಧನೆ ಮುಗಿಸಿ ಕರೆದುಕೊಂಡು ಹೋಗಬಹುದಾದಷ್ಟು ಹತ್ತಿರ. ಮನೆಯ ಸುತ್ತಲಿನ ತೋಟವೇ 105 ಎಕರೆ. ಅದರಾಚೆಗೆ ಕುರಿ ಮತ್ತು ಜಿಂಕೆಗಳು ಮೇಯುವ ವಿಶಾಲವಾದ ಹುಲ್ಲುಗಾವಲು. ಗುಡ್ಡದಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಂತೆ 300 ವರ್ಷಗಳ ಹಿಂದೆ ಕಟ್ಟಿದ ಜಲಪಾತ, ಬಂಡೆಗಳ ರಾಶಿ, ಅದರ ಹಿಂದೆ ಮುಗಿಲಿಗೆ ಮುಖಮಾಡಿ ನಿಂತ ಮರಗಳ ಸಾಲು. ನೋಡಿದವರು ಮೌನವಾಗುತ್ತಾರೆ. ಆ ಮೌನವು ಪ್ರಾರ್ಥನೆಗೆ ಬಹಳ ದೂರವಲ್ಲ.

ಇನ್ನು ಇದರ ಋಣಪತ್ರವನ್ನು ಬಿಚ್ಚೋಣ. 1549ರಲ್ಲಿ ಸರ್ ವಿಲಿಯಂ ಕ್ಯಾವೆಂಡಿಷನೂ ಅವನ ಹೆಂಡತಿ ಹಾರ್ಡ್ವಿಕ್ಕಿನ ಬೆಸ್ಸಳೂ ಈ ಭೂಮಿಯನ್ನು 600 ಪೌಂಡುಗಳಿಗೆ ಕೊಂಡರು. ಈ ವಿಲಿಯಂ ಯಾರು? ಎಂಟನೆಯ ಹೆನ್ರಿ ರಾಜನು ಕ್ರೈಸ್ತ ಮಠಗಳನ್ನು ಮುಚ್ಚಿಸಿ ಅವುಗಳ ಆಸ್ತಿಯನ್ನು ವಶಪಡಿಸಿಕೊಂಡಾಗ, ಆ ಕೆಲಸಕ್ಕೆ ನೇಮಕವಾದ ಅಧಿಕಾರಿಗಳಲ್ಲಿ ಒಬ್ಬನು. ಸನ್ಯಾಸಿಗಳು ಬಿಟ್ಟುಹೋದ ಹೊಲಗದ್ದೆಗಳ ಲೆಕ್ಕ ಬರೆಯುತ್ತಾ ಬರೆಯುತ್ತಾ ಅವನೂ ಭೂಮಾಲಿಕನಾದನು. ಆ ಮಠಗಳಲ್ಲಿ ತಪ್ಪುಗಳಿರಲಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಬಡವರಿಗೆ ಬಾಗಿಲಲ್ಲಿ ರೊಟ್ಟಿ ಹಂಚುತ್ತಿದ್ದ ಮನೆಗಳು ಮುಚ್ಚಿಹೋಗಿ, ಆ ಭೂಮಿಯ ಗೇಣಿ ಬೇರೆಯ ಬಾಗಿಲಿಗೆ ಹೋಯಿತೆಂಬುದು ಚರಿತ್ರೆ. ಮುಂದೆ 18ನೆಯ ಶತಮಾನದಲ್ಲಿ ಪಕ್ಕದ ಸ್ಟ್ಯಾಫರ್ಡ್‌ಶೈರಿನ ಎಕ್ಟನ್ ಎಂಬಲ್ಲಿನ ತಾಮ್ರದ ಗಣಿಯಿಂದ ಈ ಮನೆತನಕ್ಕೆ ಅಪಾರ ಹಣ ಬಂತು. ಗಂಡಸರು ಕೆಳಗಿಳಿದು ಅಗೆದರು; ಮೇಲೆ ಬಂದ ಅದಿರನ್ನು ಹೆಂಗಸರೂ ಮಕ್ಕಳೂ ಕುಳಿತು ಒಡೆದು ಆರಿಸಿದರು.

ಮರಗಳ ಕಥೆ ಆರಂಭವಾಗುವುದು ಆರನೆಯ ಡ್ಯೂಕನ ಕಾಲದಲ್ಲಿ. 21ನೆಯ ವಯಸ್ಸಿಗೇ ಪಟ್ಟಕ್ಕೆ ಬಂದು, ಕೊನೆಯವರೆಗೂ ಮದುವೆಯಾಗದೆ ಉಳಿದ, ಕಿವಿ ಮಂದವಾಗಿದ್ದ ಮನುಷ್ಯ ಅವನು. ಲಂಡನ್ನಿನ ಬಳಿಯ ಚಿಸ್ವಿಕ್ಕಿನ ತೋಟಗಾರಿಕಾ ಸಂಘದಲ್ಲಿ ಕೆಲಸಕ್ಕಿದ್ದ, ಬೆಡ್‌ಫರ್ಡ್‌ಶೈರಿನ ಒಬ್ಬ ಬಡ ಒಕ್ಕಲಿನ ಮಗನನ್ನು ಮೆಚ್ಚಿ ತನ್ನ ಮುಖ್ಯ ತೋಟಗಾರನನ್ನಾಗಿ ನೇಮಿಸಿಕೊಂಡನು. ಆತನೇ ಜೋಸೆಫ್ ಪ್ಯಾಕ್ಸ್ಟನ್. 1826ರ ಮೇ 9ರಂದು ಬೆಳಗಿನ ಜಾವ ನಾಲ್ಕೂವರೆಗೆ ಅವನು ಚಾಟ್ಸ್‌ವರ್ತ್ ತಲುಪಿದಾಗ ಯಾರೂ ಎದ್ದಿರಲಿಲ್ಲವಂತೆ. ಗೇಟು ಹತ್ತಿ ಇಳಿದು, ತೋಟವನ್ನೆಲ್ಲ ಸುತ್ತಿ ನೋಡಿ, ಆರು ಗಂಟೆಗೆ ಬಂದ ಆಳುಗಳಿಗೆ ಕೆಲಸ ಹಚ್ಚಿ, ಬಳಿಕ ಮನೆವಾರ್ತೆ ನೋಡುವಾಕೆಯೊಡನೆ ಉಪಾಹಾರಕ್ಕೆ ಕುಳಿತನು; ಅಲ್ಲಿದ್ದ ಆಕೆಯ ತಂಗಿಯ ಮಗಳು ಸಾರಾಳನ್ನು ಮರುವರ್ಷ ಮದುವೆಯಾದನು. ಅವನು ಊರಿಂದೂರಿಗೆ ಹೋದಾಗಲೆಲ್ಲ ತೋಟದ ಲೆಕ್ಕಪತ್ರಗಳನ್ನು ನೋಡಿಕೊಂಡವಳು ಈ ಸಾರಾಳೇ. ಆಕೆಯ ಹೆಸರನ್ನು ಹೇಳುವವರು ಕಡಿಮೆ.

1835ರಲ್ಲಿ ಡ್ಯೂಕನೂ ಪ್ಯಾಕ್ಸ್ಟನನೂ 40 ಎಕರೆಯಲ್ಲಿ ವೃಕ್ಷೋದ್ಯಾನವೊಂದನ್ನು ಹಾಕಿದರು. ಅದಕ್ಕೆ ಮೊದಲೇ ಶಂಕುವೃಕ್ಷಗಳಿಗಾಗಿ ಬೇರೆಯೇ ಒಂದು ಜಾಗ ಸಿದ್ಧವಾಗಿತ್ತು. ಜಗತ್ತಿನ ಮೂಲೆಮೂಲೆಗಳಿಂದ ಬಂದ, ಸಾವಿರಕ್ಕೂ ಮಿಕ್ಕಿದ ಬಗೆಯ ಮರಗಳನ್ನು ಸಸ್ಯಕುಲಗಳ ಕ್ರಮದಲ್ಲಿ ನೆಟ್ಟರು. ಇಲ್ಲಿ ಒಂದು ಮಾತು ಡ್ಯೂಕನ ಪರವಾಗಿ ಹೇಳಬೇಕು. ಓಕ್ ಮರವೋ ದೇವದಾರುವೋ ತನ್ನ ಪೂರ್ಣ ಗಾಂಭೀರ್ಯಕ್ಕೆ ಬರಲು ನೂರು ವರ್ಷ ಬೇಕು. ನೆಟ್ಟವನಿಗೆ ಮಕ್ಕಳಿರಲಿಲ್ಲ. ಮೊಣಕಾಲೆತ್ತರದ ಸಸಿಗಳ ಮುಂದೆ ನಿಂತು, ತಾನು ಎಂದೂ ನೋಡಲಾರದ ವನವನ್ನು ಮನಸ್ಸಿನಲ್ಲೇ ನೋಡಿ ತೃಪ್ತನಾಗುವುದು ಕೇವಲ ಡಂಭದಿಂದ ಆಗುವ ಕೆಲಸವಲ್ಲ. ಡಂಭವೂ ಇತ್ತು. ಬೇರೆ ಯಾವ ಧಣಿಯ ಬಳಿಯೂ ಇಲ್ಲದ ಗಿಡ ತನ್ನಲ್ಲಿರಬೇಕೆಂಬ ಹಂಬಲ ಆ ಕಾಲದ ಶ್ರೀಮಂತರಲ್ಲಿ ಜ್ವರದಂತೆ ಹಬ್ಬಿತ್ತು. ಎರಡೂ ಒಂದೇ ಎದೆಯಲ್ಲಿದ್ದವು. ಮನುಷ್ಯರಲ್ಲಿ ಹಾಗೆಯೇ ಅಲ್ಲವೇ?

ಆ ಗಿಡಗಳು ಬಂದದ್ದು ಹೇಗೆಂದು ಕೇಳಿದರೆ ಸ್ವರ ತಗ್ಗುತ್ತದೆ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಿಂದ ಡಗ್ಲಸ್ ಫರ್ ಎಂಬ ಎತ್ತರದ ಮರದ ಬೀಜವನ್ನು 1827ರಲ್ಲಿ ಬ್ರಿಟನ್ನಿಗೆ ತಂದವನು ಡೇವಿಡ್ ಡಗ್ಲಸ್, ಒಬ್ಬ ಕಲ್ಲುಕುಟಿಗನ ಮಗ. 1834ರಲ್ಲಿ ಹವಾಯಿ ದ್ವೀಪದಲ್ಲಿ, ಕಾಡುದನಗಳನ್ನು ಹಿಡಿಯಲು ತೋಡಿದ್ದ ಗುಂಡಿಗೆ ಬಿದ್ದು, ಅದರೊಳಗಿದ್ದ ಹೋರಿಯ ತುಳಿತಕ್ಕೆ ಸಿಕ್ಕಿ ಸತ್ತನು. ಆಗ ಅವನ ವಯಸ್ಸು 35. 1838ರಲ್ಲಿ ಚಾಟ್ಸ್‌ವರ್ತಿನಿಂದಲೇ ರಾಬರ್ಟ್ ವಾಲೇಸ್ ಮತ್ತು ಪೀಟರ್ ಬ್ಯಾಂಕ್ಸ್ ಎಂಬ ಇಬ್ಬರು ಯುವ ತೋಟಗಾರರನ್ನು ಅದೇ ಕರಾವಳಿಗೆ, ಹೊಸ ಮರಗಳ ಬೀಜಕ್ಕಾಗಿ ಕಳುಹಿಸಿದರು. ಅಕ್ಟೋಬರಿನಲ್ಲಿ ಕೊಲಂಬಿಯಾ ನದಿಯ ಕಡಿದಾದ ಹರಿವಿನಲ್ಲಿ ಅವರ ದೋಣಿ ಮಗುಚಿತು. 12 ಮಂದಿ ಮುಳುಗಿದರು. ವಾಲೇಸನು ದಾರಿಯಲ್ಲೇ ಮದುವೆಯಾಗಿದ್ದ ಹುಡುಗಿಯೂ ಅವರಲ್ಲಿದ್ದಳು. ಅವರು ತರಬೇಕಿದ್ದ ಬೀಜಗಳು ಚಾಟ್ಸ್‌ವರ್ತನ್ನು ತಲುಪಲೇ ಇಲ್ಲ. ಸುದ್ದಿಯೊಂದು, ತಿಂಗಳುಗಟ್ಟಲೆ ತಡವಾಗಿ, ತಲುಪಿತು.

ನಮ್ಮ ದೇಶಕ್ಕೂ ಒಬ್ಬನು ಬಂದಿದ್ದನು. ಜಾನ್ ಗಿಬ್ಸನ್ ಎಂಬ ತೋಟಗಾರ, 1835ರಲ್ಲಿ, ಹೊಸ ಗವರ್ನರ್ ಜನರಲ್ ಆಗಿ ನೇಮಕವಾಗಿದ್ದ ಲಾರ್ಡ್ ಆಕ್ಲೆಂಡನ ಹಡಗಿನಲ್ಲಿ ಕಲ್ಕತ್ತೆಗೆ ಹೊರಟನು. ಖಾಸಿ ಬೆಟ್ಟಗಳ ಚಿರಾಪುಂಜಿಯ ಸುತ್ತಲಿನ ಕಾಡುಗಳಿಂದ ರಾಶಿರಾಶಿ ಆರ್ಕಿಡ್‌ಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ 1837ರಲ್ಲಿ ಹಿಂತಿರುಗಿದನು. ಅವುಗಳಲ್ಲಿ ಒಂದಕ್ಕೆ ಡ್ಯೂಕನ ಬಿರುದನ್ನಿಟ್ಟು ಡೆಂಡ್ರೋಬಿಯಂ ಡಿವೋನಿಯಾನಂ ಎಂದರು, ಇನ್ನೊಂದಕ್ಕೆ ಗಿಬ್ಸನನ ಹೆಸರನ್ನೇ ಇಟ್ಟರು. ಮಳೆಯಲ್ಲಿ ಮರ ಹತ್ತಿ ಅವುಗಳನ್ನು ಬಿಡಿಸಿಕೊಟ್ಟ, ಬುಟ್ಟಿ ಹೊತ್ತು ಬೆಟ್ಟ ಇಳಿದ ಖಾಸಿ ಜನರ ಹೆಸರು ಯಾವ ಹೂವಿಗೂ ಬರಲಿಲ್ಲ. ಗಿಬ್ಸನನನ್ನು ವಿಶೇಷವಾಗಿ ಕಳುಹಿಸಿದ್ದು ಬರ್ಮಾ ದೇಶದ ಆಮ್ಹೆರ್ಸ್ಟಿಯಾ ಎಂಬ ಮರಕ್ಕಾಗಿ. ಕೆಂಪು ಗೊಂಚಲು ಇಳಿಬಿಡುವ ಆ ಮರವನ್ನು ಯುರೋಪಿನ ಸಸ್ಯಶಾಸ್ತ್ರಜ್ಞರು ಮೊದಲು ಕಂಡದ್ದು ಒಂದು ಬೌದ್ಧ ಮಠದ ತೋಟದಲ್ಲಿ; ಅದರ ಹೂಗಳನ್ನು ಅಲ್ಲಿನವರು ಗುಹೆಯೊಳಗಿನ ಬುದ್ಧನ ಪ್ರತಿಮೆಗಳ ಮುಂದೆ ಇಡುತ್ತಿದ್ದರು. ಅಷ್ಟು ಕಷ್ಟದಿಂದ ತಂದ ಗಿಡವು ಡ್ಯೂಕನಿಗಾಗಿ ಹೂಬಿಡಲಿಲ್ಲ. ಇಂಗ್ಲೆಂಡಿನಲ್ಲಿ ಅದು ಮೊದಲು ಹೂಬಿಟ್ಟದ್ದು 1849ರಲ್ಲಿ, ಲಂಡನ್ನಿನ ಹತ್ತಿರದ ಈಲಿಂಗ್‌ನಲ್ಲಿ, ಶ್ರೀಮತಿ ಲಾರೆನ್ಸ್ ಎಂಬಾಕೆಯ ತೋಟದಲ್ಲಿ.

ಇಂಥ ಉಷ್ಣದೇಶದ ಗಿಡಗಳಿಗಾಗಿ ಪ್ಯಾಕ್ಸ್ಟನನು ಕಟ್ಟಿದ ಮಹಾ ಗಾಜಿನಮನೆ 277 ಅಡಿ ಉದ್ದ, 123 ಅಡಿ ಅಗಲ, 67 ಅಡಿ ಎತ್ತರವಿತ್ತು. ರಾಣಿ ವಿಕ್ಟೋರಿಯಾ 1843ರಲ್ಲಿ ಅದನ್ನು ನೋಡಲು ಬಂದಾಗ ಸಾವಿರಾರು ದೀಪಗಳನ್ನು ಹಚ್ಚಿ ಬೆಳಗಿಸಿದ್ದರು. ಎಂಟು ಕುಲುಮೆಗಳು ನೆಲದಡಿಯಲ್ಲಿ ಹಗಲಿರುಳು ಉರಿಯುತ್ತಿದ್ದವು. ಕಲ್ಲಿದ್ದಲಿನ ಬಂಡಿ ಅತಿಥಿಗಳ ಕಣ್ಣಿಗೆ ಬೀಳಬಾರದೆಂದು ಅದನ್ನು ಸುರಂಗದೊಳಗಿನ ಹಳಿಗಳ ಮೇಲೆ ತರುತ್ತಿದ್ದರು. ಮೇಲೆ ತಾಳೆಯ ಮರಗಳ ನಡುವೆ ಮಹನೀಯರು ನಡೆಯುವಾಗ ಅವರ ಪಾದಗಳ ಕೆಳಗೆ ಒಬ್ಬನು ಸಲಿಕೆ ಹಿಡಿದು ಬೆವರುತ್ತಿದ್ದನು. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಕಲ್ಲಿದ್ದಲು ಸಿಗದೆ ಗಿಡಗಳೆಲ್ಲ ಸತ್ತವು. 1920ರಲ್ಲಿ ಆ ಕಟ್ಟಡವನ್ನು ಸಿಡಿಮದ್ದಿಟ್ಟು ಒಡೆದರು. ಈಗ ಆ ಜಾಗದಲ್ಲಿ ಗಿಡಗಳ ಚಕ್ರವ್ಯೂಹವಿದೆ, ಮಕ್ಕಳು ದಾರಿ ತಪ್ಪಿ ನಗುತ್ತಾರೆ. ರಷ್ಯದ ಚಕ್ರವರ್ತಿ ನಿಕೊಲಾಸನು ಬರಬಹುದೆಂದು 1844ರ ಹೊತ್ತಿಗೆ ಗುಡ್ಡದ ಮೇಲೆ ಕೆರೆಯನ್ನೇ ತೋಡಿ, ರಾತ್ರಿಯೂ ಬೆಳಕು ಹಚ್ಚಿಕೊಂಡು ಕೆಲಸ ಮಾಡಿಸಿ, 200 ಅಡಿಗೂ ಮೇಲಕ್ಕೆ ಚಿಮ್ಮುವ ಕಾರಂಜಿಯನ್ನು ಸಿದ್ಧಪಡಿಸಿದರು. ಚಕ್ರವರ್ತಿ ಬರಲೇ ಇಲ್ಲ. ಪ್ರಸಂಗಿಯು ಇದನ್ನು ಕೇಳಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ. ತೋಟಗಳನ್ನೂ ಉದ್ಯಾನಗಳನ್ನೂ ಮಾಡಿಸಿ, ಮರಗಳಿಗೆ ನೀರು ಹಾಯಿಸಲು ಕೆರೆಗಳನ್ನು ತೋಡಿಸಿ, ಕೊನೆಗೆ ಅವೆಲ್ಲವನ್ನೂ ನೋಡಿ ಆತನು ಏನು ಹೇಳಿದನೆಂಬುದು ನಿಮಗೆ ಗೊತ್ತಿದೆ.

ಈಗ ಎಡೆನ್ಸರ್ ಎಂಬ ಹಳ್ಳಿಯ ವಿಷಯಕ್ಕೆ ಬರುತ್ತೇನೆ. ಅಲ್ಲಿಯ ಜನ ಅದನ್ನು ಎನ್ಸರ್ ಎಂದು ಉಚ್ಚರಿಸುತ್ತಾರೆ. ಬರಹದಲ್ಲಿ ಏದೆನಿನ ಅಕ್ಷರಗಳು ಕಾಣುವುದು ಆಕಸ್ಮಿಕವಷ್ಟೇ, ಅದರಿಂದ ಯಾವ ಅರ್ಥವನ್ನೂ ಹಿಂಡಬೇಕಾಗಿಲ್ಲ. ಈ ಹಳ್ಳಿ ಡ್ಯೂಕನ ಮನೆಗೆ ಎದುರಾಗಿ, ನದಿಯ ಆಚೆಗಿತ್ತು. 18ನೆಯ ಶತಮಾನದಲ್ಲಿ, ಲ್ಯಾನ್ಸ್‌ಲಾಟ್ ಬ್ರೌನ್ ಎಂಬ ಪ್ರಖ್ಯಾತ ಉದ್ಯಾನಶಿಲ್ಪಿ ಅಲ್ಲಿಯ ಬಯಲನ್ನು ರೂಪಿಸಿದ ಕಾಲದಲ್ಲಿಯೇ, ಮನೆಯಿಂದ ಕಾಣುತ್ತಿದ್ದ ಕೆಲವು ಮನೆಗಳು ಹೋಗಿದ್ದವು. ಉಳಿದ ಊರನ್ನು 1838ರಿಂದೀಚಿನ ಕೆಲವೇ ವರ್ಷಗಳಲ್ಲಿ ಆರನೆಯ ಡ್ಯೂಕನು ಗುಡ್ಡದ ಮರೆಗೆ ಸಾಗಿಸಿದನು. ಕಾರಣ ಬೇರೇನೂ ಇಲ್ಲ, ನೋಟಕ್ಕೆ ಅಡ್ಡ. ಹೊಸ ಊರಿನ ಮನೆಗಳು ಹಳೆಯವಕ್ಕಿಂತ ಗಟ್ಟಿಯಾಗಿದ್ದವು, ಚೆಂದವಾಗಿದ್ದವು, ಒಂದರಂತೆ ಇನ್ನೊಂದಿರಲಿಲ್ಲ. ಇಂದಿಗೂ ಪ್ರವಾಸಿಗಳು ಅವುಗಳ ಚಿತ್ರ ತೆಗೆಯುತ್ತಾರೆ. ಹಾಗಾದರೆ ಯಾರಿಗೆ ಏನು ನಷ್ಟವಾಯಿತು?

ಇಜ್ರೇಲಿನ ನಾಬೋತನ ಕಥೆಯನ್ನು ಇನ್ನೊಮ್ಮೆ ಓದಿರಿ. ಅಹಾಬನು ಅವನ ದ್ರಾಕ್ಷೆತೋಟವನ್ನು ಕೇಳಿದ್ದು ಅದನ್ನು ಕಾಯಿಪಲ್ಯದ ತೋಟವನ್ನಾಗಿ ಮಾಡಿಕೊಳ್ಳುವುದಕ್ಕೆ, ಏಕೆಂದರೆ ಅದು ಅರಮನೆಗೆ ಹತ್ತಿರವಿತ್ತು. ನಾವು ಸಾಮಾನ್ಯವಾಗಿ ಮರೆಯುವ ಸಂಗತಿ ಏನೆಂದರೆ, ಅಹಾಬನು ಮೊದಲು ಕಿತ್ತುಕೊಳ್ಳಲಿಲ್ಲ. ಅದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆ, ಬೇಡವಾದರೆ ಬೆಲೆಯನ್ನೇ ಕೊಡುತ್ತೇನೆ ಎಂದನು. ವ್ಯಾಪಾರದ ದೃಷ್ಟಿಯಲ್ಲಿ ಅದು ನ್ಯಾಯವಾದ ಮಾತೇ. ನಾಬೋತನು ಒಪ್ಪಲಿಲ್ಲ, ಏಕೆಂದರೆ ಆ ನೆಲ ಅವನ ಪಿತೃಗಳಿಂದ ಬಂದ ಸ್ವಾಸ್ತ್ಯ. ಅದಕ್ಕೆ ಬದಲಿ ಎಂಬುದೇ ಇರಲಿಲ್ಲ. ಒಳ್ಳೆಯ ಮನೆ ಕೊಟ್ಟೆವಲ್ಲ ಎಂಬ ಉತ್ತರ ಎಲ್ಲ ಕಾಲದಲ್ಲಿಯೂ ಕೇಳಿಬರುತ್ತದೆ. ಅಣೆಕಟ್ಟಿಗೆ ಊರು ಬಿಟ್ಟವರಿಗೆ, ಬಡಾವಣೆಗೆ ಹೊಲ ಬಿಟ್ಟವರಿಗೆ ನಾವೂ ಅದನ್ನೇ ಹೇಳುತ್ತೇವೆ. ಬಾಡಿಗೆದಾರರಾಗಿದ್ದ ಎಡೆನ್ಸರಿನ ಜನಕ್ಕೆ ನಾಬೋತನಂತೆ ಇಲ್ಲವೆನ್ನುವ ಹಕ್ಕೂ ಇರಲಿಲ್ಲ. ಆದರೂ ಒಂದು ಮನೆ ಮಾತ್ರ ಹಳೆಯ ಸ್ಥಳದಲ್ಲೇ, ರಸ್ತೆಯ ಈಚೆಗೆ, ಒಂಟಿಯಾಗಿ ಉಳಿಯಿತು. ಏಕೆ ಉಳಿಯಿತೆಂಬುದಕ್ಕೆ ಬೇರೆಬೇರೆ ಕಥೆಗಳಿವೆ. ಒಳಗಿದ್ದ ಮುದುಕ ಏಳಲೊಲ್ಲೆನೆಂದನು, ಡ್ಯೂಕನು ಸುಮ್ಮನಾದನು ಎಂಬುದು ಅವುಗಳಲ್ಲೊಂದು. ಆ ಮನೆಯನ್ನು ಹಿಂದೆ ನಾಬೋತನ ದ್ರಾಕ್ಷೆತೋಟವೆಂದೇ ಕರೆಯುತ್ತಿದ್ದರೆಂದು ಹೇಳುತ್ತಾರೆ. ಸತ್ಯವೇದ ಓದುವ ಹಳ್ಳಿಯವರು ತಮ್ಮ ಧಣಿಯ ಬಗ್ಗೆ ಎಷ್ಟು ಮೆಲ್ಲಗೆ, ಎಷ್ಟು ಹರಿತವಾಗಿ ಮಾತಾಡಬಲ್ಲರು ನೋಡಿರಿ. ಡ್ಯೂಕನು ಅಹಾಬನಲ್ಲ, ಯಾರ ರಕ್ತವನ್ನೂ ಸುರಿಸಲಿಲ್ಲ. ಆದರೆ ಆ ಹೆಸರನ್ನು ಇಟ್ಟವರಿಗೆ ಎಲ್ಲಿ ನೋವಾಗಿತ್ತೆಂದು ನಮಗೆ ತಿಳಿಯುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ ಆ ತೋಟದಲ್ಲಿ ಸಂತೋಷಪಡುವುದು ಹೇಗೆ? ಹಳೆಯದನ್ನೆಲ್ಲ ಕೆದಕುವುದೇಕೆ, ಸೌಂದರ್ಯಕ್ಕೂ ಅದರ ಖರ್ಚಿಗೂ ಸಂಬಂಧವಿಲ್ಲ ಎನ್ನುವವರಿದ್ದಾರೆ. ಇದು ಉಂಡವನ ಮಾತು. ಬಡಿಸಿದವನನ್ನು ಕೇಳಿದರೆ ಬೇರೆ ಹೇಳುತ್ತಾನೆ. ಇನ್ನು ಕೆಲವರು, ನಮ್ಮ ಯುವಜನರಲ್ಲಿ ಇಂಥವರು ಹೆಚ್ಚುತ್ತಿದ್ದಾರೆ, ಅನ್ಯಾಯದ ಹಣದಿಂದಾದ ಚೆಲುವು ಚೆಲುವೇ ಅಲ್ಲ, ಅಲ್ಲಿಗೆ ಕಾಲಿಡಲಾರೆ ಎನ್ನುತ್ತಾರೆ. ಅವರ ಮನಸ್ಸಾಕ್ಷಿಯ ಬಗ್ಗೆ ನನಗೆ ಗೌರವವಿದೆ. ಆದರೆ ಅವರು ಇನ್ನೂ ಸ್ವಲ್ಪ ದೂರ ನಡೆಯಬೇಕು. ಸೊಲೊಮೋನನು ದೇವಾಲಯಕ್ಕೆ ಬೇಕಾದ ದೇವದಾರು ಮರಗಳನ್ನು ಲೆಬನೋನಿನಿಂದ ತರಿಸಲು 30,000 ಮಂದಿಯನ್ನು ಬಿಟ್ಟಿಗೆ ಹಿಡಿದು, ತಿಂಗಳಿಗೆ ಹತ್ತು ಸಾವಿರದಂತೆ ಸರದಿಯ ಮೇಲೆ ಕಳುಹಿಸಿದನು. ಆ ಗೋಡೆಗಳ ಮೇಲೆ ಖರ್ಜೂರದ ಮರಗಳನ್ನೂ ಅರಳಿದ ಹೂಗಳನ್ನೂ ಕೆತ್ತಿದ್ದರು. ಆ ಆಲಯದಲ್ಲಿಯೇ ದೇವರ ಮಹಿಮೆಯು ತುಂಬಿಕೊಂಡಿತು. ಆ ಬಿಟ್ಟಿ ಕೆಲಸದ ಕಹಿಯೇ ಸೊಲೊಮೋನನ ಮಗನ ಕಾಲದಲ್ಲಿ ರಾಜ್ಯವನ್ನು ಎರಡಾಗಿ ಒಡೆಯಿತು. ಸತ್ಯವೇದವು ಎರಡನ್ನೂ ಬರೆದಿಟ್ಟಿದೆ. ಮಹಿಮೆಯ ಕಾರಣ ಬಿಟ್ಟಿಯನ್ನು ಅಳಿಸಲಿಲ್ಲ, ಬಿಟ್ಟಿಯ ಕಾರಣ ಮಹಿಮೆಯನ್ನು ನಿರಾಕರಿಸಲಿಲ್ಲ.

ಇನ್ನೂ ಒಂದು ವಿಷಯವಿದೆ, ನನಗೆ ಬಹಳ ಮುಖ್ಯವಾಗಿ ತೋರುವುದು ಅದೇ. ಶಿಲುಬೆಯ ಮೇಲೆ ಯೇಸುಸ್ವಾಮಿಯು ತನ್ನ ಪಕ್ಕದಲ್ಲಿದ್ದ ಕಳ್ಳನಿಗೆ ವಾಗ್ದಾನ ಮಾಡಿದ ಪರದೈಸು ಎಂಬ ಪದ ಎಲ್ಲಿಂದ ಬಂತು ಬಲ್ಲಿರಾ? ಅದು ಪಾರಸಿಯರ ಮಾತು. ಸುತ್ತಲೂ ಗೋಡೆ ಕಟ್ಟಿದ ಆವರಣವೆಂದು ಅದರ ಮೂಲಾರ್ಥ. ಪಾರಸಿಯ ಚಕ್ರವರ್ತಿಗಳು ಬೇಟೆಗೂ ವಿಹಾರಕ್ಕೂ ಇಟ್ಟುಕೊಂಡಿದ್ದ, ನೀರೂ ಮರಗಳೂ ಮೃಗಗಳೂ ತುಂಬಿದ ರಾಜವನಗಳಿಗೆ ಗ್ರೀಕರು ಈ ಹೆಸರನ್ನು ಬಳಸಿದರು. ಪ್ರಸಂಗಿಯು ತಾನು ಮಾಡಿಸಿದೆನೆಂದು ಹೇಳುವ ಉದ್ಯಾನಗಳಿಗೂ, ನೆಹೆಮೀಯನು ಮರ ಕೇಳಿದ ರಾಜವನಕ್ಕೂ ಇಬ್ರಿಯದಲ್ಲಿ ಇದೇ ಪದವಿದೆ. ಅನಂತರ ಏದೆನಿಗೂ ಗ್ರೀಕ್ ಅನುವಾದಕರು ಇದನ್ನೇ ಇಟ್ಟರು. ಅಂದರೆ ನಮ್ಮ ಅತ್ಯಂತ ಪವಿತ್ರವಾದ ನಿರೀಕ್ಷೆಯ ಹೆಸರು ಒಬ್ಬ ಚಕ್ರವರ್ತಿಯ ಎಸ್ಟೇಟಿನಿಂದ ಬಂದದ್ದು! ಸಾಮಾನ್ಯನು ಗೋಡೆಯ ಹೊರಗೆ ನಿಂತು ನೋಡಬೇಕಾಗಿದ್ದ ತೋಟದ ಹೆಸರನ್ನು ತೆಗೆದುಕೊಂಡು, ಕರ್ತನು ಅದನ್ನು ಕೈಕಾಲುಗಳಿಗೆ ಮೊಳೆ ಜಡಿಸಿಕೊಂಡಿದ್ದ ಒಬ್ಬ ಅಪರಾಧಿಗೆ ಕೊಟ್ಟನು. ಮಲಿನವಾದ ಮೂಲವಿದೆಯೆಂದು ಆ ಪದವನ್ನು ಬಿಸಾಡಲಿಲ್ಲ. ಗೋಡೆಯನ್ನು ಇಟ್ಟುಕೊಂಡೂ ಬಳಸಲಿಲ್ಲ. ಇನ್ನೊಂದು ಕಡೆ, ಚೆಲುವಿಗೆ ನಿದರ್ಶನ ಬೇಕಾದಾಗ ಆತನು ಹೆರೋದನ ಉದ್ಯಾನಗಳ ಕಡೆ ಬೆರಳು ತೋರಿಸದೆ, ಯಾರೂ ನೆಡದ, ಯಾರೂ ನೀರೆರೆಯದ ಅಡವಿಯ ಹೂಗಳನ್ನು ತೋರಿಸಿದನೆಂಬುದನ್ನೂ ಮರೆಯಬಾರದು.

ಆದುದರಿಂದ ನಾನು ಹೆದರುವುದು ತೋಟದ ಹಿಂದಿರುವ ಸಂಪತ್ತಿಗಿಂತ ಹೆಚ್ಚಾಗಿ, ಆ ತೋಟ ಕಲಿತಿರುವ ಒಂದು ವಿದ್ಯೆಗೆ. ಮರೆಮಾಡುವ ವಿದ್ಯೆ ಅದು. ಬ್ರೌನನ ಕಲೆಯ ಹಿರಿಮೆ ಏನೆಂದರೆ, ನೂರಾರು ಜನ ಮಣ್ಣು ಹೊತ್ತು ರೂಪಿಸಿದ ಇಳಿಜಾರು ದೇವರೇ ಹಾಗೆ ಬಿಟ್ಟಂತೆ ಕಾಣುತ್ತದೆ. ಕಲ್ಲಿದ್ದಲು ಸುರಂಗದಲ್ಲಿ ಬರುತ್ತದೆ, ಹಳ್ಳಿ ಗುಡ್ಡದ ಹಿಂದೆ ಸರಿಯುತ್ತದೆ, ಬುಟ್ಟಿ ಹೊತ್ತವನ ಹೆಸರು ಅಳಿಯುತ್ತದೆ, ಉಳಿಯುವುದು ನೋಟವೊಂದೇ. ಇದಕ್ಕಾಗಿ ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ನಮ್ಮ ಸಭೆಗಳ ಆವರಣಗಳಲ್ಲಿ ಹುಲ್ಲು ಹಸಿರಾಗಿದೆ, ಕ್ರೋಟನ್ ಗಿಡಗಳು ಸಾಲಾಗಿವೆ, ಕ್ರಿಸ್ಮಸ್ ಹೊತ್ತಿಗೆ ಡೇಲಿಯಾ ಅರಳುತ್ತದೆ. ನೀರು ಹಾಕುವ ಮಾಲಿಯ ಮನೆ ಎಲ್ಲಿದೆ? ಹೆಚ್ಚಿನ ಕಡೆ ಹಿಂಬದಿಯ ಗೋಡೆಗೆ ಆತುಕೊಂಡು, ಕಕ್ಕಸಿನ ಪಕ್ಕದಲ್ಲಿ. ದಾನಿಗಳ ಹೆಸರು ಅಮೃತಶಿಲೆಯ ಮೇಲಿದೆ. ಅವನ ಪೂರ್ತಿ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಪುನರುತ್ಥಾನದ ಬೆಳಿಗ್ಗೆ ಮಗ್ದಲದ ಮರಿಯಳು ಕರ್ತನನ್ನು ನೋಡಿ ತೋಟಗಾರನೆಂದು ತಿಳಿದಳಲ್ಲವೇ. ಅದನ್ನು ಆಕೆಯ ಕಣ್ಣೀರಿನ ಮಬ್ಬೆಂದು ಪ್ರಸಂಗಗಳಲ್ಲಿ ಹೇಳುತ್ತೇವೆ. ತೋಟಗಾರನಂತೆ ಕಾಣಲು ಆತನಿಗೆ ಸಂಕೋಚವಿರಲಿಲ್ಲವೆಂಬುದನ್ನು ಹೇಳುವುದು ಕಡಿಮೆ.

ಚಾಟ್ಸ್‌ವರ್ತಿಗೆ ನ್ಯಾಯ ಸಲ್ಲಿಸಬೇಕಾದರೆ, ಅಲ್ಲಿ ಗೋಡೆ ಮೆಲ್ಲಮೆಲ್ಲನೆ ತೆರೆದ ಕಥೆಯನ್ನೂ ಹೇಳಬೇಕು. ಆರನೆಯ ಡ್ಯೂಕನ ಕಾಲದಲ್ಲೇ, ಬಂದವನು ಎಷ್ಟೇ ಬಡವನಾಗಿರಲಿ ಮನೆಯನ್ನೂ ತೋಟವನ್ನೂ ತೋರಿಸಬೇಕು, ಅವನಿಗಾಗಿಯೂ ಕಾರಂಜಿಗಳನ್ನು ಬಿಡಬೇಕು ಎಂಬ ಅಪ್ಪಣೆಯಿತ್ತು. 1849ರಲ್ಲಿ ರೈಲು ಸಮೀಪದ ರೌಸ್ಲಿಗೆ ಬಂದಾಗ ಆ ಬೇಸಿಗೆಯಲ್ಲಿ 80,000 ಮಂದಿ, ಅವರಲ್ಲಿ ಬಹಳ ಮಂದಿ ಕಾರ್ಖಾನೆಗಳ ಕೆಲಸಗಾರರು, ಬಂದು ನೋಡಿದರು. ಬಾರದ ಚಕ್ರವರ್ತಿಗಾಗಿ ಮಾಡಿದ ಕಾರಂಜಿ ಅವರಿಗಾಗಿ ಚಿಮ್ಮಿತು. 1950ರಲ್ಲಿ ಹತ್ತನೆಯ ಡ್ಯೂಕನು ತೀರಿಕೊಂಡಾಗ ಆಸ್ತಿಯ ಮೇಲೆ ಶೇಕಡ 80ರಷ್ಟು ಮರಣತೆರಿಗೆ ಬಿತ್ತು. ಬೇರೊಂದು ಅರಮನೆಯನ್ನೂ ಅನೇಕ ಕಲಾಕೃತಿಗಳನ್ನೂ ಬಿಟ್ಟುಕೊಡಬೇಕಾಯಿತು. 1981ರಿಂದ ಮನೆಯೂ ತೋಟವೂ ಒಂದು ಧರ್ಮದತ್ತಿಯ ಕೈಯಲ್ಲಿವೆ. ಇದನ್ನು ಪಶ್ಚಾತ್ತಾಪವೆಂದು ಕರೆಯಲಾರೆ. ತೆರಿಗೆಯ ಕಾನೂನು ಮಾಡಿಸಿದ್ದನ್ನು ಹೃದಯ ಪರಿವರ್ತನೆ ಎಂದರೆ ಹಾಸ್ಯವಾದೀತು. ಆದರೂ ಗೇಟು ತೆರೆದಿದೆ.

ಆ ತೋಟದ ಋಣ ನಮ್ಮ ಮಾರುಕಟ್ಟೆಗಳವರೆಗೂ ಬಂದಿದೆ. ಮಾರಿಷಸ್ ಮೂಲಕ ಬಂದ ಒಂದು ಕುಳ್ಳು ಬಾಳೆಯ ಗಿಡವನ್ನು ಪ್ಯಾಕ್ಸ್ಟನನು ಗಾಜಿನಮನೆಯಲ್ಲಿ ಬೆಳೆಸಿ 1835ರ ನವೆಂಬರಿನಲ್ಲಿ ಹೂಬಿಡಿಸಿದನು. ಅದಕ್ಕೆ ಮನೆತನದ ಹೆಸರೇ ಬಂತು: ಕ್ಯಾವೆಂಡಿಷ್. ನಾವು ಕೊಳ್ಳುವ ಪಚ್ಚಬಾಳೆಯೂ, ನಮ್ಮ ರೈತರು ಜಿ-9 ಎಂದು ನೆಡುವ ತಳಿಯೂ ಅದೇ ಗುಂಪಿಗೆ ಸೇರಿದವು. ಜಗತ್ತಿನ ಬಾಳೆಯಲ್ಲಿ ಸುಮಾರು ಅರ್ಧದಷ್ಟು ಅದೇ. ಲಂಡನ್ ಮಿಷನರಿ ಸೊಸೈಟಿಯ ಜಾನ್ ವಿಲಿಯಮ್ಸ್ ಎಂಬ ದೈವಸೇವಕನು ಚಾಟ್ಸ್‌ವರ್ತಿನಿಂದ ಪಡೆದ ಬಾಳೆಯ ಕಂದುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಮೋವಾ ದ್ವೀಪಗಳಿಗೆ ಒಯ್ದನು. ಬದುಕಿದ್ದು ಒಂದೇ ಕಂದು. ಅದು ಅಲ್ಲಿಂದ ಬೇರೆ ದ್ವೀಪಗಳಿಗೆ ಹರಡಿ ಬಡವರ ಆಹಾರವಾಯಿತು. ವಿಲಿಯಮ್ಸನೋ 1839ರ ನವೆಂಬರ್ 20ರಂದು ಎರೊಮಾಂಗಾ ದ್ವೀಪದ ತೀರಕ್ಕಿಳಿದಾಗ ಅಲ್ಲಿಯವರ ಕೈಯಲ್ಲಿ ಹತನಾದನು. ಅದಕ್ಕೆ ಮೊದಲು ಗಂಧದ ಮರಕ್ಕಾಗಿ ಬಂದಿದ್ದ ಹಡಗಿನವರು ಆ ಜನಕ್ಕೆ ಮಾಡಿದ ಹಿಂಸೆಯ ಫಲವನ್ನು ಅವನು ಉಂಡನೆಂದು ಅನೇಕರು ಬರೆದಿದ್ದಾರೆ. 2009ರಲ್ಲಿ, 170 ವರ್ಷಗಳ ಅನಂತರ, ವಿಲಿಯಮ್ಸನ ವಂಶಸ್ಥರು ಆ ದ್ವೀಪಕ್ಕೆ ಹೋದರು. ಅಲ್ಲಿಯ ಕ್ರೈಸ್ತರು ತಮ್ಮ ಪೂರ್ವಿಕರ ಪರವಾಗಿ ಕ್ಷಮೆ ಕೇಳಿ ಅವರೊಡನೆ ಸಮಾಧಾನ ಮಾಡಿಕೊಂಡರು. ಒಬ್ಬ ಡ್ಯೂಕನ ಹವ್ಯಾಸ, ಒಬ್ಬ ತೋಟಗಾರನ ಜಾಣ್ಮೆ, ಮಿಷನರಿಯ ಮರಣ, ಮರದ ವ್ಯಾಪಾರಿಗಳ ಕ್ರೌರ್ಯ, ಮರಿಮಕ್ಕಳ ಕ್ಷಮಾಪಣೆ ಇವೆಲ್ಲವೂ ಒಂದೇ ಗಿಡದ ಕಥೆಯಲ್ಲಿವೆ. ಇದರಲ್ಲಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆ ಮಾಡಿ ತಕ್ಕಡಿಯಲ್ಲಿಡಲು ನನಗೆ ಬರುವುದಿಲ್ಲ. ಗೋದಿಯೂ ಹಣಜಿಯೂ ಕೂಡಿ ಬೆಳೆಯಲಿ ಎಂದವನ ಹೊಲದಲ್ಲಿ ನಾವಿದ್ದೇವೆ.

ಅದೇ ಪ್ಯಾಕ್ಸ್ಟನನು 1849ರಲ್ಲಿ ಅಮೆಜಾನಿನ ದೈತ್ಯ ನೈದಿಲೆಯನ್ನು ಅರಳಿಸಿ, ಅದರ ಎಲೆಯ ಮೇಲೆ ತನ್ನ ಪುಟ್ಟ ಮಗಳು ಆನಿಯನ್ನು ನಿಲ್ಲಿಸಿ, ಆ ಎಲೆಯ ನರಗಳ ಬಲದಿಂದ ಪಾಠ ಕಲಿತು, 1851ರಲ್ಲಿ ಲಂಡನ್ನಿನ ಸ್ಫಟಿಕದರಮನೆಯನ್ನು ಕಟ್ಟಿದನು. ಅದರ ಮಾದರಿಯಲ್ಲೇ ನಮ್ಮ ಲಾಲ್‌ಬಾಗಿನ ಗಾಜಿನಮನೆ ಎದ್ದುನಿಂತಿತು. 1889ರ ನವೆಂಬರಿನಲ್ಲಿ ಅಸ್ತಿಭಾರ ಹಾಕಿದರು. ಸ್ಫಟಿಕದರಮನೆ 1936ರಲ್ಲಿ ಸುಟ್ಟುಹೋಯಿತು. ಲಾಲ್‌ಬಾಗಿನದು ಇದೆ, ಫಲಪುಷ್ಪ ಪ್ರದರ್ಶನದ ದಿನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೀವೂ ಅದರೊಳಗೆ ನೂಕಾಡಿರಬಹುದು.

ನೀವು ಎಂದಾದರೂ ಚಾಟ್ಸ್‌ವರ್ತಿಗೆ ಹೋದರೆ ಧಾರಾಳವಾಗಿ ಸಂತೋಷಪಡಿರಿ. ಆ ಮರಗಳು ಯಾರ ಪಾಪವನ್ನೂ ಮಾಡಿಲ್ಲ. ವೃಕ್ಷೋದ್ಯಾನದ ಏರುದಾರಿಯಲ್ಲಿ ಡಗ್ಲಸ್ ಫರ್ ಸಿಕ್ಕಿದರೆ ಅದರ ಸಿಪ್ಪೆಯ ಮೇಲೆ ಅಂಗೈಯಿಟ್ಟು, ಗುಂಡಿಯಲ್ಲಿ ಸತ್ತ ಆ ಮನುಷ್ಯನನ್ನೂ ಕೊಲಂಬಿಯಾ ನದಿಯಲ್ಲಿ ಮುಳುಗಿದ ಇಬ್ಬರನ್ನೂ ಆ ಹೆಣ್ಣುಮಗಳನ್ನೂ ದೇವರ ಮುಂದೆ ಹೆಸರು ಹಿಡಿದು ನೆನೆಯಿರಿ. ಆಕೆಯ ಹೆಸರು ಮರಿಯಾ. ಬಳಿಕ ಸೇತುವೆ ದಾಟಿ ಬಯಲಿನಲ್ಲಿ ಎಡೆನ್ಸರಿಗೆ ನಡೆಯಿರಿ, ದೂರವೇನಿಲ್ಲ. ಒಂಟಿಯಾಗಿ ಉಳಿದ ಆ ಮನೆ ದಾರಿಯಲ್ಲೇ ಸಿಗುತ್ತದೆ. ಅಲ್ಲಿಂದ ಸಂತ ಪೇತ್ರನ ದೇವಾಲಯದ ಸ್ಮಶಾನಕ್ಕೆ ಹೋದರೆ, ಮೇಲ್ಭಾಗದಲ್ಲಿ ಡ್ಯೂಕರ ಸಮಾಧಿಗಳು ಸಾದಾ ಕಲ್ಲುಗಳಾಗಿ ಸಾಲಾಗಿವೆ. ಕೆಳಗೆ ದೊಡ್ಡದಾಗಿ, ಎಲ್ಲರ ಕಣ್ಣಿಗೂ ಬೀಳುವಂತಿರುವುದು ತೋಟಗಾರ ಪ್ಯಾಕ್ಸ್ಟನನದು. ಹಿಂತಿರುಗುವಾಗ ಇನ್ನೂ ಹೊತ್ತಿದ್ದರೆ, ತೋಟದಲ್ಲಿ ಕೈಗಾಡಿ ತಳ್ಳುತ್ತಲೋ ಎಲೆ ಗುಡಿಸುತ್ತಲೋ ಇರುವ ಯಾರನ್ನಾದರೂ ನಿಲ್ಲಿಸಿ ಯಾವುದಾದರೊಂದು ಮರದ ಹೆಸರನ್ನು ಕೇಳಿರಿ. ಹೇಳಿದ ಮೇಲೆ ಅವರ ಹೆಸರನ್ನೂ ಕೇಳಿರಿ.